ತಮಟೆ ಬೇಡವೆಂದ ವಾರ

ಎರಡನೇ ಮಹಾಯುದ್ಧದ ಕಾಲದಲ್ಲಿ, ಹುಣಸೂರಿನಿಂದ ಕೋಟೆ ಊರಿಗೆ ಹೋಗುವ ದಾರಿಯ ಪಕ್ಕದ ಕಾವಲಿನಲ್ಲಿ ಸೈನಿಕರ ತರಬೇತಿ ಕ್ಯಾಂಪು ಬಂತು. ಸುತ್ತಲ ಹಳ್ಳಿಗಳ ದನ ಮೇಯುತ್ತಿದ್ದ ಹುಲ್ಲುಗಾವಲು ಅದು. ಬಿ.ಎ. ಮುಗಿಸಿ ಬಂದ ನನಗೆ ಅಲ್ಲಿ ಗುಮಾಸ್ತೆ ಕೆಲಸ ಸಿಕ್ಕಿತು. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಹಾಕಿದವನು ನಾನೇ ಮೊದಲು. ಅದನ್ನು ಈಗಲೂ ಹೆಮ್ಮೆಯಿಂದಲೇ ಹೇಳುತ್ತೇನೆ.

ಗುಂಡಿನ ಅಭ್ಯಾಸದ ಹಿಂದಿನ ಸಂಜೆ ಊರ ಚಾಕರಿಯ ತೋಟಿ ಐದು ಹಳ್ಳಿಗಳಲ್ಲಿ ತಮಟೆ ಬಡಿದು, ನಾಳೆ ಕಾವಲಿಗೆ ದನ ಬಿಡಬೇಡಿ ಎಂದು ಸಾರಬೇಕು. ಜೊತೆಗೆ ನಾನು ಹೋಗಬೇಕು. ಇಷ್ಟು ಓದಿ ತಮಟೆಯ ಹಿಂದೆ ಅಲೆಯುವುದೇ ಎಂದು ನನಗೆ ಕಸಿವಿಸಿ. ಒಂದು ವಾರ ತೋಟಿಗೆ ಬರಬೇಡವೆಂದೆ.

"ಅಂಗಂತೀರಾ ಬುದ್ಧಿ?" ಎಂದು ಅವನು ಎರಡು ಸಲ ಕೇಳಿದ.

ಚೆಂದದ ಕನ್ನಡದಲ್ಲಿ ನೋಟೀಸು ಬರೆದು, ಮೊಹರು ಒತ್ತಿಸಿ, ಐದೂ ಊರಿನ ಚಾವಡಿ ಗೋಡೆಗೆ ಅಂಟಿಸಿದೆ. ಓದು ಬಲ್ಲವರೂ ಓದಲಿಲ್ಲ. ಆಗ ಮೊಹರಿನ ಕಾಗದ ಬಂದರೆ, ಸರ್ಕಾರ ಮನೆಯ ರಾಗಿ ಅಳೆದುಕೊಂಡು ಹೋಗುವ ಲೆವಿ ಬಂತೆಂದೇ ಜನರ ಲೆಕ್ಕ. ಚಾವಡಿಯ ಕಡೆ ಸುಳಿಯದೆ ಹಿತ್ತಲ ದಾರಿಯಲ್ಲಿ ದನ ಹೊಡೆದುಕೊಂಡು ಹೋದರು. ತಮಟೆ ಕೇಳಿಸಿರಲಿಲ್ಲವಲ್ಲ, ನೇರ ಕಾವಲಿಗೇ ಹೋದರು.

ಗುಂಡು ತಗುಲಿದ್ದು ಒಬ್ಬ ಮುದುಕನ ಎತ್ತಿಗೆ. ಸಂಜೆಯೊಳಗೆ ಸತ್ತಿತು. ಮಳೆ ಬಿದ್ದು ಹೊಲ ಹದಕ್ಕೆ ಬಂದಿತ್ತು. ನಾಲ್ಕು ದಿನ ತಪ್ಪಿದರೆ ಆ ವರ್ಷ ಅವನಿಗೆ ಬಿತ್ತನೆಯೇ ಇಲ್ಲ.

ಕ್ಯಾಂಪಿನ ಸಾಹೇಬ ಮರುಕಪಟ್ಟು ಸಾಮಾನು ಹೊರುವ ಹೇಸರಗತ್ತೆಯೊಂದನ್ನು ಕಳಿಸಿದ. ಉಳಿದ ಎತ್ತಿನ ಜೊತೆ ಅದಕ್ಕೂ ನೊಗ ಹೂಡಿದೆವು. ನೊಗ ಜಾರಿ ಬೆನ್ನಿಗೆ ಬಂತು. ಬದುವಿನ ಮೇಲೆ ಕೂತಿದ್ದವನೊಬ್ಬ ಕೂಗಿದ:

"ಎತ್ತಿನಂಗೆ ಇಣಿಲು ಡುಬ್ಬನೇ ಇಲ್ವಲ್ಲಾ ಅದುಕ್ಕೆ! ನೊಗವ ತಲೆ ಮ್ಯಾಲೆ ಇಡ್ಲಾ, ಪೇಟನಾದ್ರೂ ಆಯ್ತದೆ!"

ಎಲ್ಲರೂ ನಕ್ಕರು. ಮುದುಕ ನಗಲಿಲ್ಲ. ಕೊನೆಗೆ ಪಕ್ಕದ ಮನೆಯವನು ಮುಯ್ಯಿಗೆ ತನ್ನ ಎತ್ತು ಕೊಟ್ಟ. ಎತ್ತು ದುಡಿದಷ್ಟು ದಿನ ಮುದುಕ ಅವನ ಹೊಲದಲ್ಲಿ ದುಡಿಯಬೇಕು. ಆ ಮುಯ್ಯಿ ನಾನೇ ತೀರಿಸುತ್ತೇನೆ ಎಂದೆ.

ಮುದುಕ ನನ್ನ ಕೈ ಹಿಡಿದು ಅಂಗೈ ನೋಡಿದ. "ಬುಡಿ ಗುಮಾಸ್ತ್ರೇ, ಇದ್ರಲ್ಲಿ ಆಗಾಕಿಲ್ಲ. ಮುಯ್ಯಿ ತೀರುಸ್ಬೇಕು ಅಂದ್ರೆ ತಮಟೆ ಜೊತೇಲಿ ಬನ್ನಿ. ನಂಗಿನ್ನೂ ಒಂದೆತ್ತದೆ ಕಣ್ರೀ."

ಯುದ್ಧ ಮುಗಿಯುವವರೆಗೂ ಬಂದೆ. ವಾರಕ್ಕೆ ಎರಡು ಸಲ ಐದು ಊರು. ಮಳೆಯಲ್ಲಿ ತಮಟೆಯ ಚರ್ಮ ಮೆತ್ತಗಾಗುತ್ತಿತ್ತು, ತೋಟಿ ನಿಂತಲ್ಲೇ ಸೋಗೆ ಸುಟ್ಟು ಕಾಯಿಸುತ್ತಿದ್ದ, ನಾನು ಕಾಲು ಒತ್ತಿಕೊಳ್ಳುತ್ತ ಕಾಯುತ್ತಿದ್ದೆ. ಅವನು ಬಡಿಯುವುದು, ನಾನು ಕೂಗುವುದು. ಕಡೆಯ ಊರು ಮುಟ್ಟುವ ಹೊತ್ತಿಗೆ ಗಂಟಲಲ್ಲಿ ದನಿಯೇ ಉಳಿಯುತ್ತಿರಲಿಲ್ಲ. ಮುದುಕನ ಮನೆ ಇದ್ದದ್ದು ಅಲ್ಲಿಯೇ. ಅವನ ಬಾಗಿಲ ಮುಂದೆ ಮಾತ್ರ ಎರಡು ಸಲ ಕೂಗುತ್ತಿದ್ದೆ.

ಅವನು ಹೊರಗೆ ಬರುತ್ತಿರಲಿಲ್ಲ. "ಕೇಳುಸ್ತು, ನಡೀರಿ" ಎನ್ನುತ್ತಿದ್ದ, ಕೊಟ್ಟಿಗೆಯೊಳಗಿಂದ.