ವ್ಯಾನಿನ ಅಕ್ಕ ಗೆದ್ದ ಕಪ್

ಕೋಗಿಲಿನಿಂದ ನನ್ನ ಮಗಳನ್ನು ಸ್ಕೂಲಿಗೆ ಕರೆದೊಯ್ಯುತ್ತಿದ್ದ ವ್ಯಾನನ್ನು ಒಬ್ಬ ಅಕ್ಕ ಓಡಿಸುತ್ತಿದ್ದರು. ಗಾಡಿ ಬಿಡುವ ಮೊದಲು ಹಿಂದಕ್ಕೆ ತಿರುಗಿ, "ಎಲ್ರೂ ಕೂತ್ರಾ?" ಎಂದು ಕೇಳುವರು. ಉತ್ತರ ಬಾರದೆ ಕ್ಲಚ್ ಬಿಡುತ್ತಿರಲಿಲ್ಲ.

ಹೆಸರಘಟ್ಟದ ಹತ್ತಿರದ ಮಣ್ಣಿನ ಟ್ರ್ಯಾಕಿನಲ್ಲಿ ನಾನು ಆರು ವರ್ಷದಿಂದ ಹವ್ಯಾಸಕ್ಕೆಂದು ರೇಸಿನಲ್ಲಿ ಕಾರು ಓಡಿಸುತ್ತಿದ್ದೆ. ಒಂದು ಕಪ್ ಕೂಡ ಗೆದ್ದಿರಲಿಲ್ಲ. ಒಂದು ಶನಿವಾರ ಅಭ್ಯಾಸಕ್ಕೆ ವ್ಯಾನಿನ ಅಕ್ಕನೂ ತಮ್ಮನ ಹಳೇ ಕಾರು ತಂದರು. ಮೊದಲ ಸಲ ರೇಸಿಗೆ ಬಂದವರು ತಿರುವು ತಿರುವಿಗೂ ಇಂಡಿಕೇಟರ್ ಹಾಕಿದರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ.

ಭಾನುವಾರ ರೇಸಿನ ಗೆರೆಯ ಮೇಲೆ ನನ್ನ ಪಕ್ಕದಲ್ಲೇ ನಿಂತರು. ಖಾಲಿ ಹಿಂದಿನ ಸೀಟಿಗೆ ತಿರುಗಿ, "ಎಲ್ರೂ ಕೂತ್ರಾ?" ಎಂದು ಕೇಳಿದರು! ಬಾವುಟ ಇಳಿದೊಡನೆ ನಾನು ಮುಂದೆ ನುಗ್ಗಿದೆ. ಕೊನೆಯ ತಿರುವಿನಲ್ಲಿ ಹಾರ್ನ್ ಹೊಡೆದು, ಇಂಡಿಕೇಟರ್ ಹಾಕಿ, ನನ್ನನ್ನು ದಾಟಿದರು. ದಾರಿ ಬಿಟ್ಟಿದ್ದಕ್ಕೆ ಥ್ಯಾಂಕ್ಸ್ ಎಂಬಂತೆ ಕೈ ಬೇರೆ ಎತ್ತಿದರು. ಕಪ್ ಅವರದಾಯಿತು. ಆ ಕೈ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಸೇಡು ತೀರಿಸಿಕೊಳ್ಳಲು ಮುಂದಿನ ರೇಸಿಗೆ ನಾನೇ ಕರೆದೆ.

"ಬರಲ್ಲ ಸಾರ್. ಒಬ್ಬಳೇ ಓಡ್ಸೋಕೆ ಬೇಜಾರು."

ಬೇಜಾರಂತೆ! ಆ ಕಪ್ ವ್ಯಾನಿನ ಡ್ಯಾಶ್‌ಬೋರ್ಡಿನ ಮೇಲೆ ಇರುತ್ತಿತ್ತು. ಮಕ್ಕಳು ಅದರಲ್ಲಿ ಪೆನ್ಸಿಲ್ ಹೆರೆದ ಚೂರು ತುಂಬುತ್ತಿದ್ದರು. ನನ್ನ ಮಗಳೂ.