ಹತ್ತು ಸೆಂಟಿಮೀಟರ್ ನೀರು

ನನ್ನ ಸೋದರಮಾವ ಮೂವತ್ತೊಂದು ವರ್ಷ ಹೊಳೆಯ ನೀರು ಅಳೆದರು. ಬೆಳಿಗ್ಗೆ ಎಂಟಕ್ಕೆ, ಸಂಜೆ ಐದಕ್ಕೆ ಸೇತುವೆಯ ಕೆಳಗಿಳಿದು, ಕಂಬಕ್ಕೆ ಬಿಗಿದ ಅಳತೆ ಪಟ್ಟಿಯಲ್ಲಿ ನೀರು ಎಲ್ಲಿಗೆ ಮುಟ್ಟಿದೆ ಎಂದು ನೋಡಿ, ಅಚ್ಚಾದ ಹಾಳೆಯ ಖಾನೆಯಲ್ಲಿ ಬರೆಯಬೇಕು. ಅಷ್ಟೇ ಕೆಲಸ. ಮದುವೆಯ ದಿನವೂ ಹೊಸ ಅಂಗಿಯಲ್ಲೇ ಹೊಳೆಗೆ ಹೋಗಿಬಂದರಂತೆ. "ಆ ಹೊಳೆಯೇ ಮೊದಲನೇ ಹೆಂಡತಿ, ನಾನು ಎರಡನೆಯವಳು" ಎಂದು ಅತ್ತೆ ರೇಗುತ್ತಿದ್ದರು. ಊರವರ ಬಾಯಲ್ಲಿ ಅವರು 'ಸೆಂಟಿಮೀಟರ್'. ಅಪ್ಪನಿಲ್ಲದ ನನ್ನನ್ನು ಓದಿಸಿ ದಡ ಮುಟ್ಟಿಸಿದ್ದು ಆ ಸೆಂಟಿಮೀಟರೇ.

ನಾನು ಸೇರಿದ್ದು ನೀರಿನ ಯೋಜನಾ ಕಚೇರಿಗೆ. ಇಡೀ ನದಿ ಕಣಿವೆಗೆ ಕುಡಿಯುವ ನೀರಿನ ಯೋಜನೆ ತಯಾರಾಗುತ್ತಿತ್ತು. ನಮ್ಮೂರಿನ ಮೇಲ್ಗಡೆ ಪಂಪ್‌ಹೌಸ್ ಕಟ್ಟಿ ದೊಡ್ಡ ನಗರಕ್ಕೆ ನೀರೆತ್ತುವುದು, ಉಳಿದದ್ದನ್ನು ಕೆಳಗಿನ ಊರುಗಳಿಗೆ ಬಿಡುವುದು. ಬೇಸಿಗೆಯಲ್ಲಿ ಎಷ್ಟು ಎತ್ತಬಹುದು ಎಂಬುದಕ್ಕೆ ಆಧಾರ ಮಾವನ ಹಾಳೆಗಳು. ಅವನ್ನು ಕಂಪ್ಯೂಟರಿಗೆ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಹೆಮ್ಮೆಯಿಂದಲೇ ಶುರುಮಾಡಿದೆ. ನಾಲ್ಕನೇ ದಿನ ಕೈ ನಿಂತಿತು. ಪ್ರತಿ ಕಡುಬೇಸಿಗೆಯಲ್ಲೂ ಹತ್ತು, ಹತ್ತು, ಹತ್ತು. ಆರು ವಾರ ಒಂದೇ ಸಮನೆ. ಹೊಳೆ ಎಲ್ಲಾದರೂ ಹಾಗೆ ಹರಿಯುವುದುಂಟೇ?

ಭಾನುವಾರ ಮನೆಗೆ ಹೋಗಿ ಕೇಳಿದೆ. ಮಾವ ಹಿತ್ತಲಲ್ಲಿ ಚಪ್ಪಲಿಗೆ ಮೊಳೆ ಹೊಡೆಯುತ್ತಿದ್ದರು.

"ಅದಾ? ಬೇಸಿಗೇಲಿ ನೀರು ಪಟ್ಟಿ ಬಿಟ್ಟು ದೂರ ಸರಿಯುತ್ತೆ ಮಗಾ. ಕೆಲವು ವರ್ಷ ಬರೀ ಕೆಸರು. ಮೊದಲನೇ ವರ್ಷ 'ನೀರು ಪಟ್ಟಿ ಮುಟ್ಟಿಲ್ಲ' ಅಂತ ಬರೆದಿದ್ದೆ. ಖಾನೇಲಿ ಅಂಕಿ ಬರಿ, ಕಥೆ ಬೇಡ ಅಂತ ಹಾಳೆ ವಾಪಸ್ ಬಂತು. ಪಟ್ಟೀಲಿ ಎಲ್ಲಕ್ಕಿಂತ ಕೆಳಗಿರೋ ಅಂಕಿ ಹತ್ತು. ಅದನ್ನೇ ಬರೆದೆ. ಆಮೇಲೆ ಯಾರೂ ಏನೂ ಕೇಳಲಿಲ್ಲ."

"ಮಾವ, ಆ ಹತ್ತನ್ನ ನಂಬಿಕೊಂಡೇ ಪಂಪು ಕೂರಿಸ್ತಿದ್ದಾರೆ."

ಮಾವ ಸುತ್ತಿಗೆ ಕೆಳಗಿಟ್ಟರು. "ಹಾಗಾದ್ರೆ ಕೆಳಗಿರೋ ನಮ್ಮ ಕಡೆಯವರಿಗೆ ನೀರು?" ಎಂದರು. ಕೂತ ಕೂತಲ್ಲೇ ಎರಡು ಪುಟದ ಪತ್ರ ಬರೆದರು. ಯಾವ ಯಾವ ವರ್ಷ, ಎಷ್ಟೆಷ್ಟು ವಾರ ಹೊಳೆ ಬತ್ತಿತ್ತು ಎಂದು ಎಲ್ಲವನ್ನೂ.

"ನಾಳೇನೇ ದೊಡ್ಡ ಸಾಹೇಬ್ರ ಕೈಗೆ ಕೊಟ್ಟುಬಿಡು. ನನ್ನ ಮರ್ಯಾದೆ ಹೋದ್ರೆ ಹೋಗ್ಲಿ."

ನಾನು ಕೊಡಲಿಲ್ಲ. ಮೂವತ್ತೊಂದು ವರ್ಷದ ಒಳ್ಳೆಯ ಹೆಸರು ಮಣ್ಣುಪಾಲಾಗುತ್ತದೆ, ವಯಸ್ಸಾದ ಕಾಲಕ್ಕೆ ಅವರಿಗೇಕೆ ಈ ಗ್ರಹಚಾರ ಎಂದುಕೊಂಡೆ. ಅದು ಅರ್ಧ ನಿಜ. ನನ್ನ ಕೆಲಸ ಖಾಯಂ ಆಗಲು ಎರಡೇ ತಿಂಗಳು ಬಾಕಿಯಿತ್ತು, ಅದು ಉಳಿದರ್ಧ. ಪತ್ರ ನನ್ನ ಬೀರುವಿನಲ್ಲಿ ಬಟ್ಟೆಗಳ ಅಡಿ ಸೇರಿತು. "ಕೊಟ್ಟೆ ಮಾವ" ಎಂದೆ. ಅವರು ನಂಬಿದರು. ನನ್ನನ್ನು ನಂಬದೆ ಇನ್ಯಾರನ್ನು ನಂಬುತ್ತಾರೆ?

ಪಂಪ್‌ಹೌಸ್ ಎದ್ದಿತು. ಎರಡನೇ ಬೇಸಿಗೆಗೆ ನಮ್ಮೂರ ನಲ್ಲಿಗಳಲ್ಲಿ ಬರೀ ಗಾಳಿ. ಟ್ಯಾಂಕರ್ ಬಂದರೆ ಕೊಡಗಳ ಗುದ್ದಾಟ, ಬಾರದಿದ್ದರೆ ಹೊಳೆಯಲ್ಲಿ ತೋಡಿದ ಗುಂಡಿಯ ನೀರು. ಅದನ್ನು ಕುಡಿದು ನಮ್ಮ ಬೀದಿಯಲ್ಲೇ ಇಬ್ಬರು ವಾಂತಿಭೇದಿಯಿಂದ ಸತ್ತರು. ಒಬ್ಬಳಿಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ.

ನೀರಿನ ಲೆಕ್ಕ ತಪ್ಪಿದ್ದೆಲ್ಲಿ ಎಂಬ ವಿಚಾರಣೆ ನಡೆದದ್ದು ನಮ್ಮ ಕಚೇರಿಯಲ್ಲೇ. ಕಡತ ಹಿಡಿದು ಅಧಿಕಾರಿಯ ಪಕ್ಕ ಕೂರಲು ನನಗೇ ಹೇಳಿದ್ದರು. ಎದುರಿಗೆ ಮಾವ, ನಿಂತೇ ಇದ್ದರು.

"ಈ ಹತ್ತು ಬರೆದದ್ದು ನೀನೇನಾ?"

"ನಾನೇ ಸಾರ್. ತಪ್ಪು ಅಂತ ಆಮೇಲೆ ಪತ್ರಾನೂ ಬರೆದುಕೊಟ್ಟಿದ್ದೆ."

ಅಧಿಕಾರಿ ಕಡತವನ್ನು ಹಿಂದೆ ಮುಂದೆ ತಿರುವಿದರು. "ಅಂಥದ್ದೇನೂ ಇಲ್ವಲ್ಲ. ಯಾರ ಕೈಲಿ ಕೊಟ್ಟೆ?"

ಮಾವ ನನ್ನ ಕಡೆ ನೋಡಿದರು. ನನಗೆ ತಲೆಯೆತ್ತಲು ಆಗಲಿಲ್ಲ. ಅಷ್ಟರಲ್ಲೇ ಅವರಿಗೆ ಎಲ್ಲ ತಿಳಿದುಹೋಯಿತು.

"ಯಾರ ಕೈಲೂ ಇಲ್ಲ ಸಾರ್" ಎಂದರು. "ನಾನು ಪತ್ರ ಬರೆದೇ ಇಲ್ಲ. ತಪ್ಪಿಸಿಕೊಳ್ಳೋಕೆ ಸುಳ್ಳು ಹೇಳಿದೆ."

ಅಧಿಕಾರಿ ಆ ಮಾತನ್ನೂ ಬರೆದುಕೊಂಡು ಸಹಿ ಹಾಕೆಂದರು. ಮಾವನ ಬಳಿ ಪೆನ್ನಿರಲಿಲ್ಲ. ನನ್ನದನ್ನೇ ಕೊಟ್ಟೆ.