ಐವತ್ತು ಉಸಿರು

ಚೆನ್ನೈನ ವೆಸ್ಟ್ ಮಾಂಬಲಂನ ಒಂದು ಶಾಲೆಯಲ್ಲಿ ಸರ್ವಮಂಗಳಾ ಮಿಸ್ ಇಪ್ಪತ್ತಮೂರು ವರ್ಷ ವಿಜ್ಞಾನ ಕಲಿಸಿದರು. ಅದರಲ್ಲಿ ಮೊದಲ ಇಪ್ಪತ್ತು ವರ್ಷ ಮರದ ಸ್ಕೇಲಿನಿಂದಲೇ ಕಲಿಸಿದರು ಅನ್ನಿ. ಇದನ್ನು ಅವರು ಯಾವತ್ತೂ ಮುಚ್ಚಿಟ್ಟವರಲ್ಲ. ತಂದೆ ಶಾಂತವೀರಪ್ಪ ತಿಪಟೂರು ಕಡೆಯಿಂದ ಬಂದು ರಾಯಪುರಂನ ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತರಾದವರು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಮಗಳನ್ನು ಎದುರಿಗೆ ಕೂರಿಸಿಕೊಂಡು ಮಗ್ಗಿ ಕೇಳುವರು, ತಪ್ಪಿದರೆ ತೊಡೆ ಹಿಂಡುವರು. ಹಾಗೆ ಕಲಿತವರಿಗೆ ಬೇರೆ ದಾರಿ ಎಲ್ಲಿಂದ ಗೊತ್ತಾಗಬೇಕು?

ಗೊತ್ತಾದದ್ದು ಐವತ್ತು ದಾಟಿದ ಮೇಲೆ. ಶಾಲೆ ನಡೆಸುವ ಯಜಮಾನರನ್ನು ಚೆನ್ನೈನಲ್ಲಿ ಕರೆಸ್ಪಾಂಡೆಂಟ್ ಅನ್ನುತ್ತಾರೆ. ಹೊಸದಾಗಿ ಬಂದ ಕರೆಸ್ಪಾಂಡೆಂಟ್ ಮಧುಸೂದನ್ ಟೀಚರುಗಳನ್ನೆಲ್ಲ ಎರಡು ದಿನ ಒಂದು ಹೋಟೆಲಿನ ಏಸಿ ಹಾಲಿನಲ್ಲಿ ಕೂರಿಸಿ, ಮಿದುಳಿನ ವಿಜ್ಞಾನದ ತರಬೇತಿ ಕೊಡಿಸಿದರು. ಉಳಿದವರು ಊಟದ ಹೊತ್ತಿಗೆ ಕಾದರು. ಸರ್ವಮಂಗಳಾ ಮಾತ್ರ ನೋಟುಬುಕ್ಕು ತುಂಬಾ ಬರೆದುಕೊಂಡರು. ಹೆದರಿದ ಮಗುವಿನ ಮಿದುಳು ಕಲಿಯುವುದಿಲ್ಲವಂತೆ. ನಿದ್ದೆಯಲ್ಲಿ ಪಾಠ ಗಟ್ಟಿಯಾಗುತ್ತದಂತೆ. ಒಂದೇ ದಿನ ಹತ್ತು ಸಲ ಓದಿಸುವ ಬದಲು, ಮೂರು ದಿನ ಬಿಟ್ಟು ಬಿಟ್ಟು ಕೇಳಬೇಕಂತೆ. ಅಯ್ಯೋ, ಇಪ್ಪತ್ತು ವರ್ಷ ನಾನು ಮಾಡಿದ್ದೇನು ಎಂದು ಆ ತಾಯಿ ಹೋಟೆಲಿನ ಬಾತ್‌ರೂಮಿನಲ್ಲಿ ನಿಂತು ಅತ್ತರು. ಮರುದಿನವೇ ಸ್ಕೇಲು ಕಸದ ಬುಟ್ಟಿಗೆ ಹೋಯಿತು.

ಮತ್ತೆ ಸುಳ್ಳೇಕೆ ಹೇಳಬೇಕು, ಕೆಲಸ ಆಯಿತು. ದಿನಾ ಐದು ಪ್ರಶ್ನೆಯ ಸಣ್ಣ ಪರೀಕ್ಷೆ, ನಡುವೆ ಎರಡು ನಿಮಿಷ ಎದ್ದು ಓಡಾಟ, ತಪ್ಪು ಹೇಳಿದವರಿಗೂ 'ಭೇಷ್, ಹತ್ರ ಬಂದೆ' ಎಂಬ ಮಾತು. ಫೇಲಾಗುತ್ತಿದ್ದ ಮಕ್ಕಳು ಪಾಸಾದರು. ಪಾಠ ಮುಗಿದ ಮೇಲೂ ಮಿಸ್ಸಿನ ಮೇಜಿನ ಸುತ್ತ ಮಕ್ಕಳು ಮುತ್ತಿಕೊಳ್ಳತೊಡಗಿದರು. ಸರ್ವಮಂಗಳಾಗೆ ತನ್ನ ಮೇಲೆ ನಂಬಿಕೆ ಬಂತು. ಬಂದದ್ದು ಸ್ವಲ್ಪ ಜಾಸ್ತಿಯೇ ಆಯಿತು.

ಮೂರನೆಯ ವರ್ಷ ಮಧುಸೂದನ್ ಮೂವತ್ತು ಹೆಡ್‌ಬ್ಯಾಂಡು ತರಿಸಿದರು. ಮಕ್ಕಳು ಹಣೆಗೆ ಕಟ್ಟಿಕೊಳ್ಳುವ ಪ್ಲಾಸ್ಟಿಕ್ ಪಟ್ಟಿ ಅದು. ಪಾಠದ ಕಡೆ ಗಮನವಿದ್ದರೆ ಹಸಿರು ದೀಪ, ಇಲ್ಲದಿದ್ದರೆ ಕೆಂಪು, ಸಂಜೆಗೆ ಪ್ರತಿ ಮಗುವಿನದೂ ಒಂದೊಂದು ಹಾಳೆ ಪ್ರಿಂಟಾಗಿ ಬರುತ್ತಿತ್ತು. ಮೂವತ್ತನ್ನೂ ಸರ್ವಮಂಗಳಾರ ಏಳನೇ ಕ್ಲಾಸಿಗೇ ಕೊಟ್ಟರು. "ನಿಮ್ಮನ್ನ ಬಿಟ್ರೆ ಇದನ್ನ ಯಾರು ಸೀರಿಯಸ್ಸಾಗಿ ಮಾಡ್ತಾರೆ ಮೇಡಂ?" ಎಂದರು ಮಧುಸೂದನ್. ಈಕೆ ಉಬ್ಬಿಹೋದರು.

ಆ ಕ್ಲಾಸಿನಲ್ಲಿ ಶಿಲ್ಪಶ್ರೀ ಇದ್ದಳು. ಹನ್ನೆರಡು ವರ್ಷ, ಎರಡು ಜಡೆ, ಮೆತ್ತನೆಯ ದನಿ. ತಂದೆಗೆ ಪ್ಯಾರೀಸ್ ಕಾರ್ನರ್‌ನ ಒಂದು ಬ್ಯಾಂಕಿನಲ್ಲಿ ಕೆಲಸ. ತಾಯಿ ಜಯಲಕ್ಷ್ಮಿ ಮನೆಯಲ್ಲೇ. ಕನ್ನಡದವರು ಎಂದು ಗೊತ್ತಾದ ದಿನದಿಂದ ಸರ್ವಮಂಗಳಾಗೆ ಈ ಹುಡುಗಿಯ ಮೇಲೆ ಒಂದು ತೂಕ ಹೆಚ್ಚು ಅಕ್ಕರೆ, ಅಷ್ಟೇ ಹೆಚ್ಚು ಹಕ್ಕು. ಇವರು ಕನ್ನಡದಲ್ಲಿ ಕೇಳುವರು, ಅವಳು ತಮಿಳಿನಲ್ಲಿ ಉತ್ತರಿಸುವಳು.

ಶಿಲ್ಪಶ್ರೀಯ ದೀಪ ದಿನಕ್ಕೆ ಹತ್ತು ಹನ್ನೆರಡು ಸಲ ಕೆಂಪಾಗುತ್ತಿತ್ತು. ಓದುತ್ತ ಓದುತ್ತ ಸಾಲಿನ ನಡುವೆ ನಿಂತುಬಿಡುವಳು. ಕಣ್ಣು ಒಂದೇ ಕಡೆ ನೆಟ್ಟು, ರೆಪ್ಪೆ ಸಣ್ಣಗೆ ಅದುರುವುದು. ಹತ್ತು ಸೆಕೆಂಡಿಗೆ ಮತ್ತೆ ಓದಲು ತೊಡಗುವಳು, ಏನೂ ಆಗದವಳ ಹಾಗೆ.

"ಎಲ್ಲಿ ಹೋಗಿದ್ದೆ ತಾಯಿ?" ಎಂದು ಸರ್ವಮಂಗಳಾ ಕೇಳುವರು.

"ತೆರಿಯಲ ಮಿಸ್," ಎನ್ನುವಳು. ಗೊತ್ತಿಲ್ಲ ಮಿಸ್. ಕ್ಲಾಸೆಲ್ಲ ನಗುವುದು. ಹಿಂದಿನ ಬೆಂಚಿನವರು ಅವಳಿಗೆ ಟ್ಯೂಬ್‌ಲೈಟು ಎಂದು ಹೆಸರಿಟ್ಟರು.

ಆ ಹುಡುಗಿ ನಿಜವನ್ನೇ ಹೇಳುತ್ತಿದ್ದಳು. ಅವಳಿಗೆ ಗೊತ್ತಿರಲಿಲ್ಲ. ಅದನ್ನು ನಂಬುವ ಪುಣ್ಯಾತ್ಮರು ಒಬ್ಬರೂ ಅಲ್ಲಿರಲಿಲ್ಲ.

ಸರ್ವಮಂಗಳಾ ಜಯಲಕ್ಷ್ಮಿಯನ್ನು ಕರೆಸಿ ಕೆಂಪು ಗೆರೆಗಳ ಹಾಳೆ ತೋರಿಸಿದರು. ಜಯಲಕ್ಷ್ಮಿಯ ಮುಖ ಇಳಿದುಹೋಯಿತು. "ಮನೇಲೂ ಇದೇ ಕತೆ ಮಿಸ್. ತಟ್ಟೆ ಮುಂದೆ ಕೂತು ಕನಸು ಕಾಣ್ತಾಳೆ. ನೀವು ನಮ್ಮೋರು, ನೀವೇ ತಿದ್ದಿ. ನಿಮ್ಮ ಮಾತಂದ್ರೆ ಅವಳಿಗೆ ವೇದ."

"ನೀವು ಯೋಚ್ನೆ ಬಿಡಿ," ಎಂದರು ಸರ್ವಮಂಗಳಾ. "ಮಿದುಳನ್ನ ಪಳಗಿಸ್ಬಹುದು."

ತರಬೇತಿಯಲ್ಲಿ ಹೇಳಿಕೊಟ್ಟದ್ದು, ಪಾಠಕ್ಕೆ ಮುಂಚೆ ನಿಧಾನವಾಗಿ ನಾಲ್ಕು ಸಲ ಉಸಿರಾಡಿ ಮನಸ್ಸು ನಿಲ್ಲಿಸಿಕೊಳ್ಳುವುದು. ಅಷ್ಟಕ್ಕೇ ಬಿಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಸರ್ವಮಂಗಳಾ ವಿಜ್ಞಾನದ ಟೀಚರು. ತಮ್ಮದೂ ಒಂದು ಲೆಕ್ಕಾಚಾರ ಹಾಕಿದರು. ಬೀದಿ ಕೊನೆಯ ಕಲ್ಯಾಣ ಮಂಟಪದ ಯೋಗದ ಕ್ಲಾಸಿನಲ್ಲಿ ಅವರು ಬಿರುಸಾಗಿ ಉಸಿರು ಬಿಡುವುದನ್ನು ಕಲಿತಿದ್ದರು. ಮಾಡಿದಾಗ ತಲೆ ಹಗುರಾಗುತ್ತಿತ್ತು. ನಾಲ್ಕು ಉಸಿರಿಗೆ ಇಷ್ಟು ಆಮ್ಲಜನಕವಾದರೆ ಐವತ್ತು ಬಿರುಸಿನ ಉಸಿರಿಗೆ ಎಷ್ಟು! ಯಾರನ್ನೂ ಕೇಳಲಿಲ್ಲ. ಶಿಲ್ಪಶ್ರೀಯನ್ನು ಮುಂದಿನ ಬೆಂಚಿಗೆ ತಂದು, ಪ್ರತಿ ಪೀರಿಯಡ್ಡಿಗೂ ಮುಂಚೆ ಐವತ್ತು ಉಸಿರು ಹಾಕಿಸಿದರು. ಇವರೇ ಎಣಿಸುವರು. ಮುಗಿದ ಅರೆಗಳಿಗೆಗೆ ಹುಡುಗಿಯ ಕಣ್ಣು ನೆಟ್ಟುಹೋಗುವುದು, ಕೆಂಪು ದೀಪ ಹೊತ್ತಿಕೊಳ್ಳುವುದು.

ಹನ್ನೆರಡು ಕೆಂಪು ಇಪ್ಪತ್ತಾಯಿತು, ಮೂವತ್ತಾಯಿತು. ಹಾಳೆಯಲ್ಲಿ ಅಚ್ಚಾಗಿಯೇ ಬರುತ್ತಿತ್ತು. ಅದನ್ನು ನೋಡಿ ಸರ್ವಮಂಗಳಾ ಏನು ಮಾಡಿದರು ಗೊತ್ತೇ? ಮನೆಯಲ್ಲೂ ಮಾಡು ಎಂದರು, ಶಾಲೆಗೆ ಬರುವಾಗ ದಾರಿಯಲ್ಲೂ ಮಾಡು ಎಂದರು. ಒಂದು ದಿನ ತಾಳ್ಮೆಗೆಟ್ಟು, ಇಡೀ ಕ್ಲಾಸಿನೆದುರು ಅವಳ ಗದ್ದ ಎತ್ತಿ, "ನಿಂದು ಸೋಮಾರಿ ಮಿದುಳು ಕಣೇ. ಸೋಮಾರಿತನಕ್ಕೆ ಔಷಧಿ ಒಂದೇ, ನೀನು ಮನಸ್ಸು ಮಾಡ್ಬೇಕು," ಎಂದರು. ಹೊಡೆಯಲಿಲ್ಲ, ಬೈಯಲಿಲ್ಲ, ನಗುತ್ತಲೇ ಹೇಳಿದ್ದು. ಹಳೆಯ ಸ್ಕೇಲಿನ ಪೆಟ್ಟಾಗಿದ್ದರೆ ಸಂಜೆಗೆ ಮಾಯುತ್ತಿತ್ತು.

"ಸರಿ ಮಿಸ್, ಮನಸ್ಸು ಮಾಡ್ತೀನಿ," ಎಂದಳು ಶಿಲ್ಪಶ್ರೀ. ಅವತ್ತು ಕನ್ನಡದಲ್ಲೇ ಹೇಳಿದಳು.

ಸೆಪ್ಟೆಂಬರಿನಲ್ಲಿ ಕ್ವಾರ್ಟರ್ಲಿ ಪರೀಕ್ಷೆ. ಮೊದಲ ದಿನ ಬೆಳಿಗ್ಗೆ ಎಂಟೂಕಾಲಿಗೆ ಶಿಲ್ಪಶ್ರೀ ಶಾಲೆಯೆದುರಿನ ರಸ್ತೆಯ ಆಚೆ ಬದಿ, ಜೆರಾಕ್ಸ್ ಅಂಗಡಿಯ ಮೆಟ್ಟಿಲ ಹತ್ತಿರ ನಿಂತು ಐವತ್ತು ಉಸಿರು ಎಣಿಸಿದ್ದನ್ನು ಅಂಗಡಿಯವನು ನೋಡಿದ್ದಾನೆ. ಆಮೇಲೆ ಎರಡೂ ಕಡೆ ನೋಡಿಯೇ ರಸ್ತೆಗಿಳಿದಳಂತೆ. ನಡುವಿನಲ್ಲಿ ನಿಂತುಬಿಟ್ಟಳು. ನೀರಿನ ಲಾರಿ ಹಾರನ್ ಬಾರಿಸುತ್ತಲೇ ಬಂತು. "ನನ್ನನ್ನೇ ನೋಡ್ತಾ ನಿಂತಿತ್ತು ಸಾರ್ ಮಗು," ಎಂದು ಡ್ರೈವರು ಪೊಲೀಸರೆದುರು ತಲೆ ಚಚ್ಚಿಕೊಂಡ. ಬ್ರೇಕು ಹಾಕಿದ್ದ, ಆದರೆ ತುಂಬಿದ ಲಾರಿ ನಿಲ್ಲಬೇಕಲ್ಲ.

ಜೀವ ಉಳಿಯಿತು. ಎಡಗಾಲು ಮೊಣಕಾಲಿನ ಕೆಳಗೆ ಉಳಿಯಲಿಲ್ಲ.

ಸರ್ವಮಂಗಳಾ ರಜೆ ಹಾಕಿ ದಿನಾ ಸರ್ಕಾರಿ ಆಸ್ಪತ್ರೆಗೆ ಹೋದರು. ರಾಗಿ ಗಂಜಿ ಮಾಡಿಕೊಂಡು ಹೋಗುವರು, ಜಯಲಕ್ಷ್ಮಿಯನ್ನು ಮನೆಗೆ ಕಳಿಸಿ ತಾವು ಕೂರುವರು. ಪಾಪ, ಪರೀಕ್ಷೆಯ ಗಾಬರಿ, ಎಂದು ಎಲ್ಲರೊಂದಿಗೆ ತಾವೂ ಹೇಳಿದರು. ಆಗ ಅವರ ಮನಸ್ಸಿನಲ್ಲಿ ಕಳ್ಳತನವಿರಲಿಲ್ಲ, ದೇವರಾಣೆಗೂ ಇರಲಿಲ್ಲ.

ಹನ್ನೊಂದನೆಯ ದಿನ, ಮಾತ್ರೆ ನುಂಗಿಸುವಾಗ ಹುಡುಗಿ ನೆಟ್ಟ ಕಣ್ಣಾದದ್ದನ್ನು ಒಬ್ಬ ನರ್ಸಮ್ಮ ಕಂಡಳು. ಎರಡೇ ಸಲ ನೋಡಿದವಳು ಹೋಗಿ ನರರೋಗದ ಡಾಕ್ಟರನ್ನು ಕರೆತಂದಳು. ಇನ್ನೂ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಮಂಚದ ತುದಿಯಲ್ಲಿ ಕೂತು, ಒಂದು ಕಾಗದದ ಚೂರನ್ನು ಶಿಲ್ಪಶ್ರೀಯ ಬಾಯೆದುರು ಹಿಡಿದು, "ಇದು ಹಾರ್ತಾನೇ ಇರ್ಬೇಕು. ಜೋರಾಗಿ ಊದ್ತಾ ಇರು, ನಿಲ್ಲಿಸ್ಬೇಡ," ಎಂದು ತಮಿಳಿನಲ್ಲಿ ಹೇಳಿದರು.

ಹುಡುಗಿ ಊದಿದಳು. ಚೆನ್ನಾಗಿ ಊದಿದಳು, ಅಭ್ಯಾಸವಿತ್ತಲ್ಲ. ಗೊತ್ತಿಲ್ಲದೆಯೇ ಸರ್ವಮಂಗಳಾ ಮನಸ್ಸಿನಲ್ಲೇ ಎಣಿಸುತ್ತಿದ್ದರು. ನಲವತ್ತು ದಾಟಿತು. ಕಾಗದ ನಿಂತಿತು. ಕಣ್ಣು ನೆಟ್ಟಿತು, ರೆಪ್ಪೆ ಅದುರಿತು.

ಡಾಕ್ಟರಮ್ಮ ಗಡಿಯಾರ ನೋಡಿಕೊಂಡು, ಮಂಚದ ಆಚೆ ನಿಂತಿದ್ದ ಜಯಲಕ್ಷ್ಮಿಗೆ ಹೇಳಿದರು: "ಹನ್ನೆರಡು ಸೆಕೆಂಡು. ಇದು ಫಿಟ್ಸಿನದೇ ಒಂದು ಜಾತಿ ಅಮ್ಮಾ. ಬೀಳೋದಿಲ್ಲ, ನೊರೆ ಬರೋದಿಲ್ಲ, ಅದಕ್ಕೇ ಯಾರಿಗೂ ತಿಳಿಯಲ್ಲ. ಜೋರಾಗಿ ಉಸಿರಾಡಿಸಿದ್ರೆ ಬರುತ್ತೆ, ಅದಕ್ಕೇ ಹೀಗೆ ಊದಿಸಿ ನೋಡೋದು. ತಲೆಗೆ ಒಂದು ಟೆಸ್ಟ್ ಮಾಡಿ ಮಾತ್ರೆ ಶುರು ಮಾಡೋಣ. ಬಹಳ ಮಕ್ಕಳಿಗೆ ಮಾತ್ರೆಯಲ್ಲೇ ನಿಲ್ಲುತ್ತೆ. ಮೊದ್ಲೇ ತೋರಿಸ್ಬಾರ್ದಿತ್ತಾ?"

ಸರ್ವಮಂಗಳಾ ಕಬ್ಬಿಣದ ಮಂಚದ ಕಂಬಿ ಹಿಡಿದುಕೊಂಡರು.

ಅಲ್ಲಿಂದ ಹೊರಗೆ ಬಂದವರು ಮಧುಸೂದನ್‌ಗೆ ಫೋನ್ ಮಾಡಿದರು. ಎಲ್ಲ ಕೇಳಿದ ಮೇಲೆ ಆ ಮನುಷ್ಯ ತುಂಬ ಮೃದುವಾಗಿ ಹೇಳಿದ: "ಮೇಡಂ, ನೀವು ಹೇಳಿದ್ರೆ ಕಾಲು ವಾಪಸ್ ಬರುತ್ತಾ? ನಿಮಗೆ ಇನ್ನು ಎರಡು ವರ್ಷ ಸರ್ವೀಸಿದೆ. ಹೆಡ್‌ಬ್ಯಾಂಡ್ ಹಾಳೆಗಳನ್ನೆಲ್ಲ ಆಫೀಸಿಗೆ ತಂದುಕೊಟ್ಟುಬಿಡಿ. ಸುಮ್ಮನಿರಿ."

ಸುಮ್ಮನಿರುವುದು ಎಷ್ಟು ಸುಲಭವಿತ್ತು! ಯಾರೂ ಕೇಳಿರಲಿಲ್ಲ. ಜಯಲಕ್ಷ್ಮಿ ಒಳಗಿನಿಂದ ಬಂದು ಇವರ ಕೈಹಿಡಿದು, "ನೀವಿಲ್ದಿದ್ರೆ ನಾನು ಸತ್ತೇಹೋಗ್ತಿದ್ದೆ ಮಿಸ್," ಎಂದು ಬೇರೆ ಅಂದಳು. ಸರ್ವಮಂಗಳಾ ಹೆದರಿದರು. ಶಾಲೆಗೆ ಹೆದರಿದರು, ಪೊಲೀಸರಿಗೆ ಹೆದರಿದರು, ಎಲ್ಲಕ್ಕಿಂತ ಈ ಹೆಂಗಸಿನ ಮುಖಕ್ಕೆ ಹೆದರಿದರು. ಆದರೂ ಆ ಕೈಯೊಳಗೆ ತಮ್ಮ ಕೈ ಇಟ್ಟುಕೊಂಡು ಸುಮ್ಮನಿರಲು ಅವರಿಂದ ಆಗಲಿಲ್ಲ.

ಆಸ್ಪತ್ರೆಯ ಉದ್ದ ವರಾಂಡದ ಕಲ್ಲುಬೆಂಚಿನ ಮೇಲೆ ಎಲ್ಲವನ್ನೂ ಹೇಳಿದರು. ಐವತ್ತು ಉಸಿರು ತಮ್ಮದೇ ತಲೆಯಿಂದ ಹುಟ್ಟಿದ್ದು, ಕೆಂಪು ಹೆಚ್ಚಿದ್ದು ಕಣ್ಣಿಗೆ ಕಂಡಿದ್ದು, ದಾರಿಯಲ್ಲೂ ಮಾಡು ಎಂದದ್ದು. ಒಂದನ್ನೂ ಬಿಡಲಿಲ್ಲ, ಒಂದಕ್ಕೂ ಸಬೂಬು ಸೇರಿಸಲಿಲ್ಲ.

ಜಯಲಕ್ಷ್ಮಿ ಕೈ ಬಿಡಿಸಿಕೊಂಡಳು. ಕೂಗಾಡಿದ್ದರೆ ಚೆನ್ನಾಗಿತ್ತು.

"ನಿಮ್ಮ ಹಾಳೆ ನೋಡಿ ನಾನು ಹೊಡೆದಿದೀನಿ ಮಿಸ್," ಎಂದಳು. "ಸೌಟಿನಲ್ಲಿ. ಪರೀಕ್ಷೆ ಹಿಂದಿನ ದಿನ ಕೂಡ."

ಸರ್ವಮಂಗಳಾ ತಲೆ ತಗ್ಗಿಸಿದರು.

"ಪೊಲೀಸು, ಕೋರ್ಟು ಏನ್ಬೇಕೋ ಅವರಪ್ಪ ನೋಡ್ಕೋತಾರೆ. ನೀವು ನಾಳೆಯಿಂದ ಬರ್ಬೇಡಿ. ನಿಮ್ಮ ಮುಖ ನೋಡೋಕೆ ನನ್ನ ಕೈಲಾಗಲ್ಲ." ಸೆರಗಿನಿಂದ ಮುಖ ಒತ್ತಿಕೊಂಡಳು. "ಹೋಗೋ ಮುಂಚೆ ಒಂದು ಕೆಲ್ಸ ಮಾಡಿ. ನಿಂದು ಸೋಮಾರಿತನ ಅಲ್ಲ, ಕಾಯಿಲೆ ಅಂತ ಅವಳಿಗೆ ನೀವೇ ಹೇಳಿ. ನಾನು ಹೇಳಿದ್ರೆ ನಂಬೋದಿಲ್ಲ. ನಿಮ್ಮ ಮಾತಾದ್ರೆ ನಂಬ್ತಾಳೆ."

ಸರ್ವಮಂಗಳಾ ವಾರ್ಡಿನೊಳಗೆ ಹೋದರು. ಸ್ಟೂಲೆಳೆದು ಕೂತು, ಹುಡುಗಿಯ ಕೈಹಿಡಿದು, ಮಿದುಳಿನಲ್ಲಿ ವಿದ್ಯುತ್ತು ಹೇಗೆ ಹರಿಯುತ್ತದೆ, ನಿನ್ನದರಲ್ಲಿ ಅದು ಕ್ಷಣಕಾಲ ಹೇಗೆ ಹಳಿ ತಪ್ಪುತ್ತದೆ ಎಂದು ಏಳನೇ ಕ್ಲಾಸಿಗೆ ಹೇಳುವಷ್ಟು ಸರಳವಾಗಿ ವಿವರಿಸಿದರು. "ನಿನ್ನ ತಪ್ಪು ಒಂಚೂರೂ ಇಲ್ಲ ಪುಟ್ಟಾ. ತಪ್ಪು ನಂದು. ಸೋಮಾರಿ ಅಂತ ನಾನು ಹೇಳಿದ್ದು ಸುಳ್ಳು," ಎಂದರು. ಅಳುತ್ತಲೇ ಪೂರ್ತಿ ಹೇಳಿದರು.

ಶಿಲ್ಪಶ್ರೀ ಮಿಸ್ಸಿನ ಮುಖವನ್ನೇ ನೋಡುತ್ತ ಒಂದು ಮಾತೂ ಬಿಡದೆ ಕೇಳಿದಳು. ಅರ್ಥವಾಯಿತೆಂದು ತಲೆಯಾಡಿಸಿದಳು. ಆಮೇಲೆ ಹೊದಿಕೆಯಡಿಯಲ್ಲಿ ಕಾಲಿಲ್ಲದ ಜಾಗದ ಕಡೆ ನೋಡಿ, ಮಿಸ್ಸನ್ನು ಸಮಾಧಾನ ಮಾಡುವವಳ ದನಿಯಲ್ಲಿ ಹೇಳಿದಳು:

"ಅಳ್ಬೇಡಿ ಮಿಸ್. ನಾನೇ ಸರಿಯಾಗಿ ಮನಸ್ಸು ಮಾಡ್ಲಿಲ್ಲ. ಮಾಡಿದ್ರೆ ಲಾರಿ ಕಾಣ್ತಿತ್ತಲ್ವಾ?"

ಸರ್ವಮಂಗಳಾ ಕಣ್ಣೊರೆಸಿಕೊಂಡು, ಮತ್ತೆ ಮೊದಲಿನಿಂದ ಹೇಳತೊಡಗಿದರು.